ನೀರು ನೋಡುವವರ ಮನೆ

ನಾನು ಶಾಲೆಗೆ ಹೊರಡುವ ಹೊತ್ತಿಗೆ ನಮ್ಮ ಮನೆಯ ಜಗಲಿಯ ಮೇಲೆ ಯಾರಾದರೊಬ್ಬ ಅಪರಿಚಿತರು ಕುಳಿತೇ ಇರುತ್ತಿದ್ದರು. ಕೆಲವರು ದೇವನಹಳ್ಳಿ ಕಡೆಯವರು, ಕೆಲವರು ಹೊಸಕೋಟೆಯ ಆಚೆಯವರು. ಮೊದಲ ಬಸ್ಸಿಗೆ ಬಂದಿಳಿದು, ಅಮ್ಮ ಕೊಟ್ಟ ಕಾಫಿ ಕುಡಿದು, ತಾತ ಸ್ನಾನ ಮುಗಿಸಿ ಹೊರಗೆ ಬರುವುದನ್ನು ಕಾಯುತ್ತಿದ್ದರು. ಹೊಲದಲ್ಲಿ ಎಲ್ಲಿ ಬೋರ್ ಕೊರೆಸಿದರೆ ನೀರು ಬೀಳುತ್ತದೆ ಎಂಬುದೊಂದೇ ಅವರಿಗೆ ಬೇಕಿದ್ದ ಮಾತು. ಅಪ್ಪನ ಅಪ್ಪ ಮುನಿಶಾಮಪ್ಪ ಆ ಸೀಮೆಗೆಲ್ಲ ಹೆಸರಾದ ನೀರು ನೋಡುವವನು. ಜುಟ್ಟು ಉಳಿಸಿ ಸುಲಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ಹೊಲದ ಒಂದು ಬದುವಿನಿಂದ ಇನ್ನೊಂದು ಬದುವಿಗೆ ನಡೆಯುತ್ತಿದ್ದ. ಕೆಳಗೆ ನೀರಿದ್ದ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ ಎಂಬುದು ನಂಬಿಕೆ. ನಿಂತ ಜಾಗದಲ್ಲಿ ಒಂದು ಕಲ್ಲಿಟ್ಟು, ಅದಕ್ಕೆ ಅರಿಸಿನ ಕುಂಕುಮ ಹಚ್ಚಿಸಿ, ಮನೆಯವರು ಕೊಟ್ಟ ಎಲೆ ಅಡಿಕೆಯನ್ನಷ್ಟೇ ತೆಗೆದುಕೊಂಡು ಹಿಂತಿರುಗುತ್ತಿದ್ದ. ಅದಕ್ಕಿಂತ ಹೆಚ್ಚಿನದನ್ನು ಮುಟ್ಟಿದರೆ ವಿದ್ಯೆ ಕೈಬಿಡುತ್ತದೆ ಎಂದು ಅವನಿಗೆ ಕಲಿಸಿದವರು ಹೇಳಿದ್ದರಂತೆ.

ಮನೆ ದೊಡ್ಡಬಳ್ಳಾಪುರದಿಂದ ರಾಜಘಟ್ಟದ ದಾರಿ ಹಿಡಿದು ಸ್ವಲ್ಪ ದೂರ ಹೋದರೆ ಸಿಗುವ ಒಂದು ಸಣ್ಣ ಊರಿನಲ್ಲಿತ್ತು. ಹೆಂಚಿನ ಮನೆ. ಒಳಗೆ ಕಾಲಿಟ್ಟರೆ ಎಡಕ್ಕೆ ತಾತನ ಮಂಚ, ಬಲಕ್ಕೆ ರಾಗಿ ಮೂಟೆಗಳು, ಅದರಾಚೆ ಅಡುಗೆಮನೆ. ಎಲ್ಲಕ್ಕಿಂತ ದೊಡ್ಡ ಕೋಣೆ ಮನುಷ್ಯರದಲ್ಲ, ರೇಷ್ಮೆ ಹುಳುಗಳದು. ಅಲ್ಲಿ ಅಮ್ಮನದೇ ಆಳ್ವಿಕೆ. ಬಿದಿರಿನ ತಟ್ಟೆಗಳು ನೆಲದಿಂದ ಜಂತೆಯವರೆಗೆ ಒಂದರ ಮೇಲೊಂದು ಇರುತ್ತಿದ್ದವು. ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವಾಗ ಬಾಗಿಲಾಚೆ ನಿಂತರೂ ಸೋನೆಮಳೆಯಂಥ ಸದ್ದು ಕೇಳುತ್ತಿತ್ತು. ಕೈಕಾಲು ತೊಳೆಯದೆ, ಹೊಸಿಲಿನ ಸುಣ್ಣದ ಪುಡಿ ತುಳಿಯದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ತಾತನಿಗಂತೂ ಪ್ರವೇಶವೇ ಇಲ್ಲ. ಅವನು ಬೀಡಿ ಸೇದುತ್ತಿದ್ದ, ತಂಬಾಕಿನ ಸೋಂಕು ಹುಳುವಿಗೆ ವಿಷ. ಅಪ್ಪ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದ. ದಿನವಿಡೀ ಮಗ್ಗಗಳ ಗದ್ದಲದಲ್ಲಿದ್ದು ಅವನ ದನಿ ಎತ್ತರವಾಗಿಬಿಟ್ಟಿತ್ತು. ಉಪ್ಪು ಕೇಳಿದರೂ ಹಾದಿಯಲ್ಲಿ ಹೋಗುವವರಿಗೆ ಜಗಳದಂತೆ ಕೇಳಿಸುತ್ತಿತ್ತು. ಆದರೆ ಅವನಿಗೂ ತಾತನಿಗೂ ನಿಜವಾದ ಜಗಳವೂ ಇತ್ತು, ಅದು ಊಟದ ಹೊತ್ತಿಗೇ ಏಳುತ್ತಿತ್ತು. ನಾನು ಎಂಟನೇ ತರಗತಿಯಲ್ಲಿದ್ದಾಗ ಒಂದು ಸಂಜೆ, ಮುದ್ದೆ ಬಸ್ಸಾರಿನ ಮುಂದೆ ಕೂತು ಅಪ್ಪ ಕೇಳಿದ:

"ಅಲ್ಲಪ್ಪ, ನೀನು ಕಾಯಿ ನಿಲ್ಸಿದ ಕಡೆಯೆಲ್ಲ ನೀರು ಬಂದೈತಾ?"

"ಎಲ್ಲಾ ಕಡೆ ಅಂತ ಯಾರಂದ್ರು? ಬಂದಿರೋದೇ ಹೆಚ್ಚು."

"ಹೆಚ್ಚು ಅಂತ ಯಾರು ಎಣ್ಸವ್ರೆ? ನೀರು ಬಿದ್ದೋನು ಬಂದು ಕಾಲಿಗೆ ಬೀಳ್ತಾನೆ. ಬೀಳದೇ ಇದ್ದೋನು ಮನೇಲೇ ಕುಂತ್ಕತಾನೆ. ನಿನ್ ಕಣ್ಣಿಗೆ ಕಾಣೋದು ಮೊದಲ್ನೋನು ಮಾತ್ರ."

ಅಮ್ಮ ಸಾರಿನ ಸೌಟನ್ನು ಅಲ್ಲೇ ಹಿಡಿದು ನಿಂತಳು. ತಾತ ಮುದ್ದೆಯ ಕೊನೆಯ ತುತ್ತು ನುಂಗಿ, ತಟ್ಟೆಯಲ್ಲೇ ಕೈತೊಳೆದ.

"ಸರಿ ಕಣಪ್ಪ, ಎಣ್ಸಾನ. ನನಗೆ ಬರೆಯಕ್ ಬರಕಿಲ್ಲ. ಮಂಜಿ ಬರೀಲಿ."

ಮಂಜಿ ಎಂದರೆ ನಾನು, ಮಂಜುಳ. ಮಾರನೆಯ ದಿನವೇ ತಾತ ಪೇಟೆಯಿಂದ ಗಟ್ಟಿ ರಟ್ಟಿನ ನೋಟ್‌ಬುಕ್ ತಂದುಕೊಟ್ಟ. ಯಾರ ಹೊಲ, ಯಾವ ಊರು, ಎಷ್ಟು ಅಡಿ ಕೊರೆದರು, ಯಾವ ಬಣ್ಣದ ಕಲ್ಲು ಬಂತು, ನೀರು ಬಿತ್ತೋ ಇಲ್ಲವೋ ಎಂದು ಗೆರೆ ಹಾಕಿಕೊಂಡೆ. ಕಾಯಿ ನಿಂತ ದಿನ ಬರೆದರೆ ಸಾಲದು, ಬೋರ್ ಕೊರೆಯುವ ದಿನ ಅಲ್ಲಿರಬೇಕು ಎಂದು ತಾತನೇ ಹೇಳಿದ. ಶನಿವಾರ ಮಧ್ಯಾಹ್ನ, ಭಾನುವಾರಗಳಲ್ಲಿ ಯಾರದೋ ಮೊಪೆಡ್ಡಿನ ಹಿಂದೆ, ಯಾರದೋ ಟ್ರಾಕ್ಟರಿನಲ್ಲಿ ನಾವಿಬ್ಬರೂ ಹೋಗುತ್ತಿದ್ದೆವು. ಬೋರ್ ಲಾರಿ ಶುರುವಾದರೆ ನೆಲ ನಡುಗುತ್ತಿತ್ತು. ಮೊದಲು ಕೆಮ್ಮಣ್ಣು, ಆಮೇಲೆ ಕೈಯಲ್ಲಿ ಹಿಸುಕಿದರೆ ಉದುರುವ ಹಳದಿ ಕಲ್ಲು, ಆಮೇಲೆ ಬೂದಿಯಂಥ ಬಿಳಿ ಹುಡಿ, ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಇದ್ದಿಲಿನಂಥ ಕಪ್ಪು. ಲಾರಿಯ ತಮಿಳು ಆಪರೇಟರ್ ಅಣ್ಣ ಇಪ್ಪತ್ತಡಿಗೊಂದರಂತೆ ಹುಡಿಯನ್ನು ಸಾಲಾಗಿ ಗುಡ್ಡೆ ಹಾಕಿಸುತ್ತಿದ್ದ. ನಾನು ಒಂದೊಂದು ಗುಡ್ಡೆಯಿಂದ ಒಂದೊಂದು ಚಿಟಿಕೆ ಕಾಗದದಲ್ಲಿ ಮಡಚಿಕೊಳ್ಳುವುದನ್ನು ನೋಡಿ ಮೊದಲು ನಗುತ್ತಿದ್ದವನು, ಕೊನೆಕೊನೆಗೆ ನನಗಾಗಿ ತಾನೇ ಪೊಟ್ಟಣ ಕಟ್ಟಿಡುತ್ತಿದ್ದ.

ಆ ಪೊಟ್ಟಣಗಳು ಮನೆ ಸೇರಿ ಅಮ್ಮನಿಗೆ ತಲೆನೋವಾಯಿತು. ಹುಳು ಸಾಕುವ ಮನೆಯೊಳಗೆ ದೂಳು ತರುವುದೆಂದರೇನು? ನನ್ನನ್ನು ಬಚ್ಚಲಿನಲ್ಲಿ ನಿಲ್ಲಿಸಿ ತಲೆಗೆ ನೀರು ಹುಯ್ದೇ ಒಳಗೆ ಬಿಡುತ್ತಿದ್ದಳು. ಬೈಯುತ್ತಲೇ ಹಳೆಯ ಔಷಧಿ ಸೀಸೆಗಳನ್ನು ಕುದಿಸಿ ಒಣಗಿಸಿ ಕೊಟ್ಟಳು. ಅಡುಗೆಮನೆಯ ಗೂಡಿನಲ್ಲಿ ಸಾಸಿವೆ ಜೀರಿಗೆಯ ಪಕ್ಕ ನನ್ನ ಕಲ್ಲಿನ ಹುಡಿಗಳು ಕೂತವು. ಬರೆಯುವ ಶಿಸ್ತನ್ನು ಕಲಿಸಿದವಳೂ ಅವಳೇ. ಹುಳುಗಳು ಪೊರೆ ಬಿಡುವ ಮುನ್ನ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿ ಕೂರುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆ ಹೊತ್ತು ತಪ್ಪಿ ಸೊಪ್ಪು ಹಾಕಿದರೆ ಬೆಳೆ ಕೆಟ್ಟಂತೆ. ಅಮ್ಮ ಓದಿದ್ದು ನಾಲ್ಕನೇ ತರಗತಿ. ಆದರೂ ಜ್ವರಕ್ಕೆ ಕೂತ ಗಂಟೆ, ಎದ್ದ ಗಂಟೆ ಎರಡನ್ನೂ ಇದ್ದಿಲಿನಿಂದ ಗೋಡೆಯ ಮೇಲೆ ಆ ಕ್ಷಣವೇ ಗೀಚುತ್ತಿದ್ದಳು. ನಾನು ಒಂದು ಭಾನುವಾರದ ವಿವರವನ್ನು ಬುಧವಾರ ಬರೆಯುತ್ತಾ ಕೂತಿದ್ದಾಗ ಹೇಳಿದಳು:

"ಅಲ್ಲೇ ನಿಂತ್ಕಂಡು ಬರ್ಕೋಬೇಕು ಕಣೇ. ಮೂರು ದಿನ ಬಿಟ್ಟು ಬರದ್ರೆ ಮನ್ಸು ತನಗೆ ಬೇಕಾದಂಗೆ ಬರಸ್ತದೆ."

ಈಗ ನಾನು ಸಮುದ್ರದ ತಳದ ಕೆಸರಿನ ಪದರಗಳನ್ನು ಓದುವ ಕೆಲಸದಲ್ಲಿದ್ದೇನೆ. ಹಡಗಿನ ಮೇಲೆ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದೂ ಇದನ್ನೇ.

ಎರಡು ವರ್ಷ ಹೀಗೆ ನಡೆಯಿತು. ಹತ್ತನೇ ತರಗತಿಯ ದಸರಾ ರಜೆಯಲ್ಲಿ ಸುಮ್ಮನೆ ಕೂತಿದ್ದವಳು ಪುಸ್ತಕವನ್ನು ಮೊದಲಿನಿಂದ ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ನೀರು ಬಿದ್ದದ್ದೂ ಬೀಳದ್ದೂ ಹೆಚ್ಚುಕಡಿಮೆ ಸಮಸಮ. ಆ ಹೊಲಗಳಲ್ಲಿ ಕಣ್ಣುಮುಚ್ಚಿ ಕಲ್ಲೆಸೆದು ಅದು ಬಿದ್ದ ಕಡೆ ಕೊರೆಸಿದ್ದರೂ ಅಷ್ಟೇ ಆಗುತ್ತಿತ್ತೇನೋ. ಪುಸ್ತಕ ಮುಚ್ಚಿ ರಾಗಿ ಮೂಟೆಯ ಹಿಂದೆ ಇಟ್ಟೆ. ಯಾರೂ ಕೇಳಲಿಲ್ಲ. ಅಪ್ಪ ಆ ಜಗಳವನ್ನೇ ಮರೆತಂತಿದ್ದ.

ಕೆಲವು ವಾರಗಳ ಮೇಲೆ ಪಿಳ್ಳಣ್ಣ ಬಂದ. ರಾಜಘಟ್ಟದ ಕಡೆಯವನು, ತಾತನಿಗೆ ಹಳೆಯ ಪರಿಚಯ. ತಾತ ತೋರಿಸಿದ ಜಾಗದಲ್ಲಿ ಒಂದು ಬೋರ್ ಕೊರೆಸಿದ್ದ, ನೀರು ಬಂದಿರಲಿಲ್ಲ. ಮತ್ತೆ ಕರೆದೊಯ್ದು ಬೇರೆ ಜಾಗ ತೋರಿಸಿಕೊಂಡಿದ್ದ, ಅದೂ ಒಣಗಿದ ತೂತಾಗಿತ್ತು. ಬೈಯಲು ಬಂದಿದ್ದಾನೆ ಎಂದು ನಾವೆಲ್ಲ ಅಂದುಕೊಂಡೆವು. ಅವನು ಬೈಯಲಿಲ್ಲ. ಜಗಲಿಯ ಮೇಲೆ ಕೂತು ಮಗನ ವಿಷಯ, ಹಸುವಿನ ವಿಷಯ ಮಾತಾಡಿದ. ತಾತ ಬಲವಂತ ಮಾಡಿದ್ದಕ್ಕೆ ಊಟ ಮಾಡಿದ. ಎದ್ದು ನಿಂತು "ಬರ್ತೀನಿ ಮುನಿಶಾಮಣ್ಣ" ಎಂದು ಟವೆಲ್ ಕೊಡವಿ ಹೊರಟ. ಇನ್ನೊಂದು ಸಲ ಬಂದು ನೋಡು ಎಂದು ಅವನು ಕೇಳಲಿಲ್ಲ. ತಾತ ಅವನು ಹೋದ ದಾರಿಯನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದ. ಆ ವಾರವೇ ಭಾನುವಾರ ಮಧ್ಯಾಹ್ನ ಮಂಚದ ಮೇಲಿಂದ ನನ್ನನ್ನು ಕೂಗಿ, ಪುಸ್ತಕ ತಂದು ಓದು ಎಂದ.

ನಾನು ಓದಲು ಶುರುಮಾಡಿದೆ. ಮೊದಲ ಪುಟ ಇದ್ದಂತೆಯೇ ಓದಿದೆ. ಎರಡನೇ ಪುಟದಲ್ಲಿ ಸಾಲಾಗಿ ನಾಲ್ಕು ಕಡೆ ನೀರಿಲ್ಲ ಎಂದಿತ್ತು. ತಾತ ಕಣ್ಣುಮುಚ್ಚಿ ಕೇಳುತ್ತಿದ್ದ, ಅವನ ಪಾದಗಳು ಮಂಚದ ತುದಿಯಲ್ಲಿದ್ದವು; ಎಷ್ಟೋ ಹೊಲಗಳ ಮುಳ್ಳು ಕಲ್ಲು ತುಳಿದು ಹಿಮ್ಮಡಿ ಸೀಳಿದ ಪಾದಗಳು. ನನ್ನ ಬಾಯಿಂದ ತಾನಾಗಿ "ನೀರು ಬಂತು" ಎಂದು ಹೊರಬಿತ್ತು. ಒಂದು ಸಲ ಬಂದ ಮೇಲೆ ಮುಂದಿನದು ಸುಲಭವಾಯಿತು. ಮೂರು ನಾಲ್ಕು ಕಡೆ ಹಾಗೆ ಓದಿರಬೇಕು, ತಾತ ಕಣ್ಣು ತೆರೆದ.

"ಆ ಚಿಕ್ಕಣ್ಣನ ತೋಟದಲ್ಲಿ ನೀರು ಬರ್ಲಿಲ್ಲವಲ್ಲ ಮಗ."

ನಾನು ಪುಟದಿಂದ ಕಣ್ಣೆತ್ತಲಿಲ್ಲ.

"ನಾನೇ ನಿಂತಿದ್ದೆ. ಅವನ ಹೆಂಡ್ರು ಪೂಜೆ ತಟ್ಟೆ ಹಿಡ್ಕಂಡು ನಿಂತಿದ್ಲು. ಅದು ಹೆಂಗೆ ಮರೀತೀನಿ? ಯಾಕೆ ಸುಳ್ಳು ಓದ್ದೆ?"

"ನಿಂಗೆ ಬೇಜಾರಾಗ್ತದೆ ಅಂತ."

"ಬೇಜಾರು ಆಗೇ ಐತೆ. ಅದಕ್ಕೇ ಓದು ಅಂದಿದ್ದು." ಎದ್ದು ಕೂತ. "ನನ್ ಮೇಲೆ ಪ್ರೀತಿ ಇದ್ರೆ ಇನ್ನೊಂದು ಲೋಟ ಕಾಫಿ ಕೊಡು. ಬರ್ದಿರೋದನ್ನ ಮಾತ್ರ ಬದಲಾಯಿಸ್ಬೇಡ ತಾಯಿ. ಅದು ಪಿಳ್ಳಣ್ಣಂಗೆ ಮಾಡೋ ಮೋಸ."

ಅಳುತ್ತಲೇ ಮೊದಲಿನಿಂದ ಕೊನೆಯವರೆಗೆ ಇದ್ದದ್ದು ಇದ್ದಂತೆ ಓದಿದೆ. ಅಮ್ಮ ಹುಳುವಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಓದಿ ಮುಗಿದ ಮೇಲೆ, ನಾನು ಗಮನಿಸಿದ್ದ ಇನ್ನೊಂದು ವಿಷಯವನ್ನೂ ಹೇಳಿದೆ. ನಮ್ಮ ಸೀಮೆಯ ಹೊಲಗಳ ನಡುವೆ ಅಲ್ಲಲ್ಲಿ ಕರಿಕಲ್ಲಿನ ಸಾಲುಗಳು ಮೋಟು ಗೋಡೆಯಂತೆ ತಲೆಯೆತ್ತಿವೆ. ಆ ಸಾಲಿನ ಮೇಲ್ಬದಿಯಲ್ಲಿ, ಹಳದಿ ಉದುರುಕಲ್ಲು ದಪ್ಪವಾಗಿ ಬಂದ ಕಡೆಗಳಲ್ಲಿ, ಬಹಳಷ್ಟು ಸಲ ನೀರು ಬಿದ್ದಿತ್ತು. ತಾತ ಸೀಸೆಗಳನ್ನೆಲ್ಲ ತರಿಸಿ, ಮಂಚದ ಮೇಲೆ ಸಾಲಾಗಿ ಇಡಿಸಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ.

"ಹಂಗಾದ್ರೆ ಗೊತ್ತಿರೋದು ಕಾಯಿಗಲ್ಲ, ಕಲ್ಲಿಗೆ," ಎಂದ.

ಮಾರನೆಯ ದಿನ ಬೆಳಿಗ್ಗೆ ನೆಲಮಂಗಲದ ಕಡೆಯವರೊಬ್ಬರು ಬಂದು ಕೂತಿದ್ದರು. ಅವರ ಮಗ ಸೋಂಪುರದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಅಪ್ಪನಿಗೆ ಬೋರ್ ಹಾಕಿಸಿಕೊಡಲು ಹೊರಟಿದ್ದನಂತೆ. ತಾತ ಅವರ ಎದುರು ಕೂತು, "ನನ್ ಕೈಲಿ ಆಗಲ್ಲಪ್ಪ. ಎಣಿಸಿ ನೋಡಿದ್ದೀನಿ, ಅರ್ಧಕ್ಕರ್ಧ ತಪ್ಪು. ಮಿಷನ್ನು ಇಟ್ಟು ಕಲ್ಲು ನೋಡೋರು ಅವ್ರೆ, ಅವ್ರನ್ನ ಕರ್ಕಂಡೋಗಿ," ಎಂದ. ಅವರು ನಂಬಲಿಲ್ಲ, ದೊಡ್ಡವರು ವಿನಯಕ್ಕೆ ಹಾಗೆನ್ನುತ್ತಿದ್ದಾರೆಂದು ಕೈಮುಗಿದರು. ತಾತ ಒಪ್ಪಲಿಲ್ಲ. ಬಂದವರಿಗೆಲ್ಲ ಅದೇ ಮಾತು ಹೇಳಿದ. ಯುಗಾದಿಯ ಹೊತ್ತಿಗೆ ಬರುವವರು ನಿಂತರು. ಜಗಲಿ ಖಾಲಿಯಾಯಿತು. ಊರ ಕೆಲವರು ಮುನಿಶಾಮಪ್ಪನ ಕೈಗುಣ ಹೋಯಿತಂತೆ ಎಂದರು, ಕೆಲವರು ಮೊಮ್ಮಗಳು ಪುಸ್ತಕ ಬರೆದು ಹಾಳುಮಾಡಿದಳು ಎಂದರು. ಅದು ನನ್ನ ಕಿವಿಗೂ ಬಿತ್ತು.

ಎಲ್ಲರಿಗಿಂತ ನೊಂದವನು ಅಪ್ಪ. ಗೆದ್ದವನು ಅವನೇ ಆಗಿದ್ದರೂ ಮನೆಗೆ ಬಂದಾಗ ಜಗಲಿಯ ಮೇಲೆ ತಾತ ಒಬ್ಬನೇ ಕೂತಿರುವುದನ್ನು ನೋಡಲಾರದೆ ಹಿತ್ತಿಲ ಕಡೆಯಿಂದ ಒಳಗೆ ಬರುತ್ತಿದ್ದ. ಒಂದು ದಿನ ನನ್ನನ್ನು ಕರೆದು, ಎಂದೂ ಇಲ್ಲದ ಸಣ್ಣ ದನಿಯಲ್ಲಿ, "ನಾನೇನೋ ಸಿಟ್ಟಲ್ಲಿ ಅಂದೆ. ನೀನು ಅಷ್ಟು ನೀಟಾಗಿ ಬರೀಬೇಕಿತ್ತಾ?" ಎಂದ. ದಾರಿ ಮಾಡಿದವಳು ಅಮ್ಮ. ಹುಳುಗಳು ನಾಲ್ಕನೇ ಜ್ವರದಿಂದೆದ್ದು ಹೊತ್ತುಹೊತ್ತಿಗೂ ಸೊಪ್ಪು ಬೇಡುತ್ತಿದ್ದ ದಿನಗಳಲ್ಲಿ, ಜಗಲಿಗೆ ಬಂದು ಸೆರಗು ಸರಿಮಾಡಿಕೊಂಡು ಹೇಳಿದಳು:

"ಮಾವ, ನಂಗೊಬ್ಬಳಿಗೇ ಆಗ್ತಿಲ್ಲ. ನೀವು ಬೀಡಿ ಬಿಟ್ರೆ ಒಳಕ್ಕೆ ಬರಬೌದು."

ತಾತ ನಕ್ಕುಬಿಟ್ಟ. ಆ ಮಧ್ಯಾಹ್ನವೇ ಬೀಡಿಯ ಕಟ್ಟನ್ನು ಒಲೆಗೆ ಹಾಕಿ, ಎರಡು ದಿನ ಎಲ್ಲರ ಮೇಲೂ ಸಿಡಿಮಿಡಿಗೊಂಡು, ಮೂರನೆಯ ದಿನ ಮಿಂದು ಬಂದು ಸುಣ್ಣ ತುಳಿದು ಒಳಗೆ ಹೋದ. ನೆಲದ ಒಳಗಿನದನ್ನು ಪಾದದಿಂದ ತಿಳಿಯಲು ನೋಡುತ್ತಿದ್ದವನು ಈಗ ತಟ್ಟೆಯ ಮೇಲೆ ಬಗ್ಗಿ, ಯಾವ ಹುಳು ಮೇವು ಬಿಟ್ಟು ಹಣ್ಣಾಗಿದೆ, ಯಾವುದು ನೂಲು ಬಿಡಲು ಜಾಗ ಹುಡುಕುತ್ತಿದೆ ಎಂದು ಬೆರಳಲ್ಲಿ ಆರಿಸುವುದನ್ನು ಕಲಿತ. ಆ ಬೆಳೆಯ ಗೂಡು ಚೆನ್ನಾಗಿ ಬಂತು. ಮಾರುಕಟ್ಟೆಯಲ್ಲಿ ಯಾರೋ ಹೊಗಳಿದರೆಂದು ಅಪ್ಪ ಜೋರುದನಿಯಲ್ಲಿ ಇಡೀ ಬೀದಿಗೆ ಹೇಳಿದ.

ನಾನು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡೆ. ಆಮೇಲೆ ಭೂವಿಜ್ಞಾನ ಓದಲು ದೊಡ್ಡಬಳ್ಳಾಪುರದಿಂದ ದಿನಾ ರೈಲಿನಲ್ಲಿ ಬೆಂಗಳೂರಿನ ಕಾಲೇಜಿಗೆ ಹೋಗಿಬರುತ್ತಿದ್ದೆ. ಅಲ್ಲಿನ ಮೇಡಂ ಒಬ್ಬರು ಕೊನೆಯ ವರ್ಷ ನಮ್ಮನ್ನು ಕೂರಿಸಿಕೊಂಡು ಮುಂದಿನ ದಾರಿಗಳನ್ನು ಹೇಳಿದರು. ಅಂತರ್ಜಲ, ಗಣಿ, ಭೂಪಟ ಮಾಡುವ ಕೆಲಸ, ಪಾಠ ಹೇಳುವುದು ಎಲ್ಲ ಹೇಳಿ, "ಯಾರೂ ಕಣ್ಣೆತ್ತಿ ನೋಡದ ಬಾಗಿಲು ಇನ್ನೊಂದಿದೆ. ಸಮುದ್ರ ಅಂದರೆ ಬರೀ ಮೀನಲ್ಲ. ಭೂಮಿಯ ಬಹುಪಾಲು ನೆಲ ನೀರಿನಡಿ ಇದೆ, ಅದನ್ನ ಓದೋರು ಸಾಲದು," ಎಂದರು. ಅವರ ಮಾತು ಹಿಡಿದು ಕರಾವಳಿಯ ವಿಶ್ವವಿದ್ಯಾಲಯವೊಂದರಲ್ಲಿ ಸಾಗರ ಭೂವಿಜ್ಞಾನದ ಎಂ.ಎಸ್ಸಿ. ಮಾಡಿದೆ, ಸಂಶೋಧನಾ ವೇತನದ ಪರೀಕ್ಷೆಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದೆ. ಗೋವಾದ ಸಂಶೋಧನಾ ಸಂಸ್ಥೆಯೊಂದರಿಂದ ಬಂದು ಸೇರಿಕೊಳ್ಳಲು ಪತ್ರ ಬಂತು. ಈಗ ನಮ್ಮ ಕಡೆಯ ಕಾಲೇಜುಗಳಿಗೆ ಮಾತಾಡಲು ಹೋದಾಗ ಹುಡುಗಿಯರು ಕೇಳುವುದು ಆ ಪತ್ರ ಬಂದ ದಿನ ಅಮ್ಮ ಕೇಳಿದ್ದನ್ನೇ: ಇದನ್ನು ಓದಿದರೆ ಕೆಲಸ ಸಿಗುತ್ತದಾ? ಸಿಗುತ್ತದೆ, ತಡವಾಗಿ ಸಿಗುತ್ತದೆ ಎನ್ನುತ್ತೇನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಪ್ರಾಣಿಶಾಸ್ತ್ರ, ಯಾವುದನ್ನು ಓದಿದವರಿಗೂ ಸಮುದ್ರದಲ್ಲಿ ಕೆಲಸವಿದೆ. ಆದರೆ ಮೊದಲ ಎಷ್ಟೋ ವರ್ಷ ಯೋಜನೆ ಮುಗಿಯುವವರೆಗಿನ ನೌಕರಿ, ಕಾಯಂ ಹುದ್ದೆಗಳು ಕಡಿಮೆ, ಹಡಗಿನಲ್ಲಿ ವಾಂತಿ ತಪ್ಪದು. ಇಷ್ಟನ್ನೂ ಮುಚ್ಚಿಡದೆ ಹೇಳುತ್ತೇನೆ. ಆಮೇಲೂ ಕೈಯೆತ್ತುವ ಒಬ್ಬಿಬ್ಬರು ಇದ್ದೇ ಇರುತ್ತಾರೆ.

ಅಮ್ಮ ಆ ಒಂದು ಪ್ರಶ್ನೆ ಕೇಳಿ ಸಮಾಧಾನಗೊಂಡಳು. ಅಪ್ಪ, ಹಡಗಿನಲ್ಲಿ ಹೆಣ್ಣುಮಕ್ಕಳು ಬೇರೆ ಇರುತ್ತಾರಾ ಎಂದು ಕೇಳಿ, ಇರುತ್ತಾರೆ ಎಂದ ಮೇಲೆ ಸುಮ್ಮನಾದ. ತಡೆದವನು ತಾತ. ಅದು ನಾನು ಎಣಿಸದ ಕಡೆಯಿಂದ ಬಂದ ಪೆಟ್ಟು.

"ಓದು ಮುಗಿಸ್ಕಂಡು ಬಂದು ಇಲ್ಲೇ ಇದ್ಕಂಡು ಜನಕ್ಕೆ ನೀರು ನೋಡ್ತೀಯ ಅಂದ್ಕಂಡಿದ್ದೆ. ನಾನು ತಪ್ಪು ಮಾಡಿದ್ದನ್ನ ನೀನು ಸರಿಯಾಗಿ ಮಾಡ್ತೀಯ ಅಂತ. ನೀರಿಲ್ದೋರನ್ನ ಬಿಟ್ಟು ನೀರಲ್ಲೇ ಇರೋರ ಹತ್ರ ಹೋಗ್ತೀಯಲ್ಲ ಮಗ."

ಅದರಲ್ಲಿ ಸುಳ್ಳಿರಲಿಲ್ಲ. ನನಗೆ ಸಮುದ್ರ ಬೇಕಿತ್ತು, ಅಷ್ಟೇ. ಅದಕ್ಕೆ ಊರಿಗೆ ಉಪಕಾರವಾಗುವ ಕಾರಣವೊಂದನ್ನು ಕಟ್ಟಿ ಹೇಳಲು ಅವನೆದುರು ಬಾಯಿ ಬರಲಿಲ್ಲ. ಒಂದು ವಾರ ತಾತ ನನ್ನೊಡನೆ ಮಾತಾಡಲಿಲ್ಲ. ಹೊರಡುವ ದಿನ ಹುಳುಗಳು ಒಟ್ಟಿಗೇ ಹಣ್ಣಾಗಿಬಿಟ್ಟವು. ಅಂದೇ ಆರಿಸಿ ಗೂಡು ಕಟ್ಟಲು ಬಿಡದಿದ್ದರೆ ಬೆಳೆ ಹೋದಂತೆ. ಅಪ್ಪ ಅಮ್ಮ ಇಬ್ಬರೂ ಮನೆ ಬಿಡುವ ಹಾಗಿರಲಿಲ್ಲ. ಅಮ್ಮ ಹುಳು ಅಂಟಿದ ಕೈಯನ್ನು ತೊಳೆಯಲೂ ಪುರುಸೊತ್ತಿಲ್ಲದೆ ಮೊಣಕೈಯಿಂದಲೇ ನನ್ನನ್ನು ಅಪ್ಪಿಕೊಂಡಳು. ತಾತ ಮಾತಿಲ್ಲದೆ ನನ್ನ ಟ್ರಂಕು ಎತ್ತಿಕೊಂಡು ಬಸ್ಸಿಗೆ ನಡೆದ.

ಮೆಜೆಸ್ಟಿಕ್‌ಗೆ ಹೋಗುವ ಬಸ್ಸಿನಲ್ಲಿ ಯಲಹಂಕ ದಾಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ ಕೇಳಿದ:

"ಅಲ್ಲಿ ಏನ್ ಮಾಡ್ತೀಯ, ಸರಿಯಾಗಿ ಹೇಳು."

"ಹಡಗಿಂದ ಉದ್ದನೆ ಕೊಳವೆ ಇಳಿಬಿಡ್ತಾರೆ ತಾತ. ಅದು ತಳದ ಕೆಸರಲ್ಲಿ ಇಳಿದು ಪದರಪದರವಾಗಿ ಕೆಸರು ತುಂಬ್ಕೊಂಡು ಬರುತ್ತೆ. ಕೆಳಗಿನ ಪದರ ಹಳೇದು, ಮೇಲಿಂದು ಹೊಸದು. ಅದ್ರಲ್ಲಿ ಯಾವ ಕಾಲದಲ್ಲಿ ಮಳೆಗಾಳಿ ಜೋರಾಗಿತ್ತು, ಯಾವಾಗ ಸೋತಿತ್ತು ಅಂತ ಗುರುತು ಇರುತ್ತೆ."

"ನಮ್ಮೂರ ಮಳೆದೂವಾ?"

"ನಮ್ ಕಡೆ ಮುಂಗಾರು ಆ ಸಮುದ್ರದ ಮೇಲಿಂದಲೇ ಬರೋದು."

ಹೆಬ್ಬಾಳ ಬರುವವರೆಗೆ ಅದನ್ನು ಮನಸ್ಸಿನಲ್ಲೇ ತಿರುವಿ ಹಾಕಿದ.

"ಹಂಗಾದ್ರೆ ನೀರು ಹೊರಡೋ ಕಡೆಗೆ ಹೋಗ್ತಿದ್ದೀಯ ಅನ್ನು."

ಹೌದು ಎಂದೆ. ಅವನು ಒಪ್ಪಿದನೋ, ಒಪ್ಪಲು ಒಂದು ಮಾತು ಕಂಡುಕೊಂಡನೋ ನನಗೆ ಇಂದಿಗೂ ತಿಳಿಯದು. ಗೋವಾದ ಬಸ್ಸು ನಿಂತಿದ್ದ ಕಡೆ ಟ್ರಂಕನ್ನು ಮೇಲೆ ಹಾಕಿಸಿ, ಪಕ್ಕದ ಸೀಟಿನ ಹೆಂಗಸಿಗೆ "ನಮ್ ಹುಡುಗಿ ಸಮುದ್ರ ಓದಕ್ಕೆ ಹೋಗ್ತಾವ್ಳೆ, ಸ್ವಲ್ಪ ನೋಡ್ಕಳಿ ತಾಯಿ," ಎಂದು ಹೇಳಿ ಕಿಟಕಿಯ ಹತ್ತಿರ ಬಂದ.

"ಯಾವಾಗ ಬರ್ತೀಯ?"

"ಮಳೆಗಾಲದಲ್ಲಿ ಹಡಗು ಹೊರಡೋದು ಕಮ್ಮಿಯಂತೆ. ಮಳೆ ಶುರುವಾದ್ರೆ ರಜೆ ಹಾಕಿ ಬರ್ತೀನಿ."

"ಮಳೆ ಬಂದ್ರೆ ಬರ್ತೀಯ," ಎಂದು ತಲೆಯಾಡಿಸಿದ.

ಮೊದಲ ಯಾನದಲ್ಲಿ ಮೂರು ದಿನ ತಲೆಯೆತ್ತಲಾಗದೆ ಮಲಗಿದ್ದೆ. ನಾಲ್ಕನೆಯ ದಿನ ಕೊಳವೆ ಮೇಲೆ ಬಂದಾಗ ಗೋಡೆ ಹಿಡಿದುಕೊಂಡು ಎದ್ದು ಹೋದೆ. ಸೀಳಿ ತೆರೆದ ಕೆಸರು ಹಸಿರು ಬೂದಿಯ ಬಣ್ಣದಲ್ಲಿ ತಣ್ಣಗೆ ಹೊಳೆಯುತ್ತಿತ್ತು. ವಾಂತಿ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಬೇಸಿಗೆ ಕಳೆಯಿತು. ಗೋವಾದಲ್ಲಿ ಮುಂಗಾರು ಹಿಡಿಯಿತು. ಯಾನದ ವರದಿ ಮುಗಿಯದೆ ರಜೆ ಸಿಗಲಿಲ್ಲ, ದಿನ ದಿನ ಮುಂದಕ್ಕೆ ಹೋಗಿ ಕೊನೆಗೊಮ್ಮೆ ಊರಿಗೆ ಹೊರಟೆ. ದೊಡ್ಡಬಳ್ಳಾಪುರದಿಂದ ಹಿಡಿದ ಬಸ್ಸು ನಮ್ಮೂರ ನಿಲ್ದಾಣ ತಲುಪಿದಾಗ ಸಂಜೆ ನಾಲ್ಕು ಗಂಟೆ, ಜಿನುಗು ಮಳೆ. ರಸ್ತೆ ಬದಿಯ ಬೇಲಿಯ ಹತ್ತಿರ ತಾತ ಛತ್ರಿ ಹಿಡಿದು ನಿಂತಿದ್ದ. ಪಂಚೆ ಮೊಣಕಾಲವರೆಗೆ ಒದ್ದೆಯಾಗಿತ್ತು. ಬರುವ ದಿನ ನಾನು ತಿಳಿಸಿರಲಿಲ್ಲ.

"ನಮ್ಮೂರಿಗೆ ಮಳೆ ಬಂದು ನಾಕು ದಿನ ಆಯ್ತು," ಎಂದ. "ದಿನಕ್ಕೆ ಐದು ಬಸ್ಸು."

"ರಜೆ ಕೊಡ್ಲಿಲ್ಲ ತಾತ."

"ಇರ್ಲಿ ಬಿಡು, ಬಂದ್ಯಲ್ಲ."

ನನ್ನ ಚೀಲವನ್ನು ಹೆಗಲಿಗೇರಿಸಿಕೊಂಡು, ಛತ್ರಿಯನ್ನು ನನ್ನ ಕೈಗೆ ಕೊಟ್ಟು, ತಾನು ನೆನೆಯುತ್ತಾ ಮುಂದೆ ಮುಂದೆ ನಡೆದ.